ಮೀನಿನ ಗುರುತಿನ ಬಾಗಿಲು

ನನ್ನ ಅಪ್ಪ ಬ್ರೋನೆಕ್ ಝರೆಂಬಾ ಮೂವತ್ತು ವರ್ಷ ಕಾರುಗಳಿಗೆ ಬಾಗಿಲು ಕೂರಿಸಿದ. ಬೇರೇನೂ ಮಾಡಲಿಲ್ಲ. ಡೆಟ್ರಾಯ್ಟಿನಲ್ಲಿ ಹುಟ್ಟಿ ಬೆಳೆದವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ನಮ್ಮ ಬೀದಿಯಲ್ಲೇ ಸೀಟು ಕೂರಿಸಿದವನೊಬ್ಬನಿದ್ದಾನೆ, ಗಾಜು ಕೂರಿಸಿದವನೊಬ್ಬನಿದ್ದಾನೆ, ಇಪ್ಪತ್ತು ವರ್ಷ ಬರೀ ಹಾರನ್ ಒತ್ತಿ ನೋಡಿ ನಿವೃತ್ತಳಾದ ಹೆಂಗಸೂ ಇದ್ದಾಳೆ. ಕಾರ್ಖಾನೆಯ ಹೆಸರು ಮಾತ್ರ ಹೇಳುವುದಿಲ್ಲ. ಅಪ್ಪನಿಗೆ ಈಗಲೂ ಅಲ್ಲಿಂದ ಪಿಂಚಣಿ ಬರುತ್ತದೆ, ಉಂಡ ಮನೆಯ ಹೆಸರು ಕೆಡಿಸಬಾರದು ಎಂಬುದು ಅವನ ನಿಯಮ.

ಲೈನಿನಲ್ಲಿ ನಿಮಿಷಕ್ಕೊಂದು ಕಾರು ಬರುತ್ತಿತ್ತಂತೆ. ಬಲಗಡೆಯ ಬಾಗಿಲು ಅಪ್ಪನದು, ಓಡಿಸುವವನು ಕೂರುವ ಎಡಗಡೆಯದು ಗಸ್ ಎಂಬವನದು. ಬಾಗಿಲನ್ನು ಕೀಲುಗಳಿಗೆ ಸಿಕ್ಕಿಸಬೇಕು, ಬೋಲ್ಟು ಬಿಗಿಯಬೇಕು, ಮುಚ್ಚಿ ನೋಡಬೇಕು. ಸುತ್ತಲಿನ ಸಂದು ಒಂದು ಕಡೆ ಅಗಲ, ಒಂದು ಕಡೆ ಸಣ್ಣ ಆಗಿದ್ದರೆ ಕೀಲಿನ ಪಕ್ಕ ಒಂದು ಮರದ ತುಂಡು ಇಟ್ಟು, ಮೊಣಕಾಲು ಕೊಟ್ಟು ಬಾಗಿಲನ್ನು ಜಗ್ಗಬೇಕು. ತಗಡು ಬಾಗುತ್ತದೆ, ಸಂದು ಸರಿಹೋಗುತ್ತದೆ, ಅಥವಾ ಸರಿಹೋದ ಹಾಗೆ ಕಾಣುತ್ತದೆ. ಅಷ್ಟರಲ್ಲಿ ಮುಂದಿನ ಕಾರು ಬಂದು ನಿಂತಿರುತ್ತದೆ. ಕೊನೆಗೆ ಬಾಗಿಲಿನ ಒಳಮೈಗೆ ಹಳದಿ ಮೇಣದ ಕಡ್ಡಿಯಿಂದ ತನ್ನ ಗುರುತು ಗೀಚಬೇಕು. ಯಾರ ಕೆಲಸ ಅಂತ ತಪಾಸಣೆಯವನಿಗೆ ಗೊತ್ತಾಗಬೇಕಲ್ಲ. ಗಸ್‌ನದು ನಕ್ಷತ್ರ. ಅಪ್ಪನದು ಮೀನು, ಎರಡು ಗೆರೆ ಮತ್ತು ಒಂದು ಬಾಲ.

ನಾನು ಅವನ ಒಬ್ಬಳೇ ಮಗಳು, ಹಾಲಿನಾ. ನಲವತ್ತೊಂಬತ್ತು ವರ್ಷ, ಶಾಲೆಯ ಬಸ್ಸು ಓಡಿಸುತ್ತೇನೆ. ಐವತ್ತು ಮಕ್ಕಳ ಕಿರುಚಾಟದ ನಡುವೆಯೂ ಕೆಡದ ನನ್ನ ತಾಳ್ಮೆ ಒಂದು ಬಾಗಿಲಿನ ಮುಂದೆ ಕೆಟ್ಟುಹೋಯಿತು. ಅದನ್ನೇ ಹೇಳಲು ಕುಳಿತಿದ್ದೇನೆ.

ಕಾರು ೧೯೭೦ನೇ ಇಸವಿಯದು. ಕಾರ್ಖಾನೆಯವರಿಗೆ ಕೊಡುವ ರಿಯಾಯಿತಿಯಲ್ಲಿ ಅಪ್ಪ ಹೊಸದಾಗಿಯೇ ತಂದದ್ದು. ಗಾಢ ನೇರಳೆ ಬಣ್ಣ, ಎರಡೇ ಬಾಗಿಲು, ಉದ್ದ ಮೂತಿ, ಎಂಟು ಸಿಲಿಂಡರಿನ ಎಂಜಿನ್. ಚಾಲೂ ಮಾಡಿದರೆ ಪಕ್ಕದ ಮನೆಯ ಕಪಾಟಿನಲ್ಲಿದ್ದ ತಟ್ಟೆಗಳು ಸದ್ದು ಮಾಡುತ್ತಿದ್ದವಂತೆ. ಆಗಿನ್ನೂ ಮದುವೆಯಾಗಿರದ ಅಮ್ಮ, ವಾಂಡಾ, ಅದಕ್ಕೆ ಶ್ಲಿಫ್ಕಾ ಎಂದು ಹೆಸರಿಟ್ಟಳು. ನಮ್ಮ ಅಜ್ಜಿಯ ಪೋಲಿಷ್ ಮಾತಿನಲ್ಲಿ ಹಾಗೆಂದರೆ ಪ್ಲಮ್ ಹಣ್ಣು. ಭಾನುವಾರ ಚರ್ಚು ಮುಗಿದ ಮೇಲೆ ಇಬ್ಬರೂ ಶ್ಲಿಫ್ಕಾದಲ್ಲಿ ನದಿಯ ನಡುವಿನ ಬೆಲ್ ಐಲ್ ದ್ವೀಪಕ್ಕೆ ಹೋಗಿ ಒಂದು ಸುತ್ತು ಹಾಕಿ ಬರುತ್ತಿದ್ದರು. ಮದುವೆಯಾದ ಮೇಲೂ ಹೋದರು, ನಾನು ಹುಟ್ಟಿದ ಮೇಲೆ ನನ್ನನ್ನೂ ಹಿಂದೆ ಹಾಕಿಕೊಂಡು ಹೋದರು.

ಮಳೆ ಬಂದರೆ ಮಾತ್ರ ಜಗಳ. ಅಮ್ಮ ಕೂರುವ ಬಲಗಡೆಯ ಬಾಗಿಲಿನ ಮೇಲ್ತುದಿಯಿಂದ ನೀರು ತೊಟ್ಟಿಕ್ಕಿ ಅವಳ ಭುಜ ನೆನೆಯುತ್ತಿತ್ತು. ಮೊದಮೊದಲು ಅಪ್ಪ ಅದನ್ನು ಒಪ್ಪಲೇ ಇಲ್ಲ.

"ನೀನು ಕಿಟಕಿ ಸರಿಯಾಗಿ ಏರ್ಸಿಲ್ಲ" ಎನ್ನುತ್ತಿದ್ದ.

"ಏರ್ಸಿದೀನಿ. ಬಂದು ಈ ಕಡೆ ಕೂತ್ಕೊಂಡು ನೋಡು."

"ನಾನ್ಯಾಕೆ ಆ ಕಡೆ ಕೂರ್ಲಿ, ನಾನು ಓಡಿಸೋನು."

ಅಮ್ಮ ತನ್ನ ಸೀಟಿನ ಮುಂದಿನ ಸಣ್ಣ ಪೆಟ್ಟಿಗೆಯಲ್ಲಿ ಒಂದು ಹಸಿರು ಟವೆಲ್ ಇಟ್ಟುಕೊಂಡಳು. ಟವೆಲ್ ಒದ್ದೆಯಾಗಿದ್ದನ್ನು ಕಣ್ಣಾರೆ ಕಂಡ ಮೇಲೆ ಅಪ್ಪನ ವಾದ ಬದಲಾಯಿತು. "ಈ ಕಾರು ಎರಡನೇ ಪಾಳೀಲಿ ಬಂದಿದ್ದು. ಆ ಪಾಳಿಯವರ ಕೈಯೇ ಹಾಗೆ. ನಾನು ಕೂರ್ಸಿದ್ರೆ ಒಂದು ಹನಿ ಬರ್ತಿರ್ಲಿಲ್ಲ" ಎಂದ. ಹಾಗಾದರೆ ಬಿಚ್ಚಿ ಸರಿ ಮಾಡು ಎಂದರೆ, ದಿನಕ್ಕೆ ನಾನೂರು ಬಾಗಿಲು ನೋಡಿ ಬಂದವನಿಗೆ ಮನೆಯಲ್ಲೂ ಬಾಗಿಲೇ ತೋರಿಸುತ್ತೀಯಾ ಎಂದು ರೇಗುತ್ತಿದ್ದ. ಹೀಗೇ ಹನ್ನೊಂದು ವರ್ಷ ಕಳೆಯಿತು.

೧೯೮೧ರಲ್ಲಿ ಚಿಕ್ಕಮ್ಮನ ಮದುವೆಗೆ ಹೊರಟ ದಿನ ಜೋರು ಮಳೆ. ಅಮ್ಮ ಹೊಲಿಸಿಕೊಂಡಿದ್ದ ತಿಳಿ ನೀಲಿ ರೇಷ್ಮೆಯ ಉಡುಪು ಭುಜದಿಂದ ಸೊಂಟದವರೆಗೆ ಕಲೆಯಾಯಿತು. ಕಾರು ನಿಲ್ಲಿಸು ಎಂದಳು. ಇಳಿದಳು. ಏಳು ವರ್ಷದ ನನ್ನನ್ನು ಹಿಂದಿನ ಸೀಟಿನಿಂದ ಎಳೆದುಕೊಂಡು ಬಸ್ಸು ಹತ್ತಿದಳು. ಅವತ್ತೇ ಕೊನೆ, ಅವಳು ಮತ್ತೆ ಆ ಕಾರಿನಲ್ಲಿ ಕೂರಲಿಲ್ಲ. ಅಪ್ಪನಿಗೂ ಛಲ. ಬೇರೊಂದು ಕಾರು ತಂದ, ಶ್ಲಿಫ್ಕಾವನ್ನು ಗ್ಯಾರೇಜಿಗೆ ನೂಕಿ ಮೇಲೊಂದು ಹೊದಿಕೆ ಹಾಕಿದ. ನಲವತ್ತು ವರ್ಷ ಅದರ ಮೇಲೆ ಕ್ರಿಸ್‌ಮಸ್ ಅಲಂಕಾರದ ಡಬ್ಬಗಳು ಕೂತವು.

ಹೋದ ವರ್ಷದ ಹಿಂದಿನ ವರ್ಷ ಕಣ್ಣಿನ ಡಾಕ್ಟರು ಅಪ್ಪನಿಗೆ ವಿಷಯ ತಿಳಿಸಿದರು. ನೋಟದ ನಡುಭಾಗ ಮಸುಕಾಗುತ್ತಾ ಹೋಗುತ್ತದೆ, ತಡೆಯಲಾಗುವುದಿಲ್ಲ. ಸದ್ಯಕ್ಕೆ ಹಗಲು ಹೊತ್ತು ಗೊತ್ತಿರುವ ಬೀದಿಗಳಲ್ಲಿ ಕಾರು ಓಡಿಸಬಹುದು. ಆದರೆ ಮುಂದಿನ ವರ್ಷ ಎಂಬತ್ತು ತುಂಬುವ ಸೆಪ್ಟೆಂಬರ್ ಹನ್ನೆರಡಕ್ಕೆ ಲೈಸೆನ್ಸ್ ನವೀಕರಣ ಬರುತ್ತದೆ, ಆಗ ಕಣ್ಣಿನ ಪರೀಕ್ಷೆಯಲ್ಲಿ ಪಾಸಾಗುವುದು ಸಾಧ್ಯವಿಲ್ಲ. ಅಪ್ಪ ಮನೆಗೆ ಬಂದವನೇ ಕೋಟೂ ಬಿಚ್ಚದೆ ಗ್ಯಾರೇಜಿಗೆ ಹೋಗಿ ಡಬ್ಬಗಳನ್ನು ಒಂದೊಂದಾಗಿ ಕೆಳಗಿಳಿಸಿದ.

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಏನು, ನಿನ್ನ ಶ್ಲಿಫ್ಕಾ ನೆನಪಾಯ್ತಾ?"

"ಸರಿ ಮಾಡ್ತೀನಿ ಇದನ್ನ."

"ಮಾಡು. ಆದ್ರೆ ಒಂದು ಮಾತು ಕೇಳು. ನಿನ್ನ ಕಣ್ಣಿರೋವಾಗ್ಲೇ ಒಂದ್ಸಲ ನನ್ನನ್ನ ಬೆಲ್ ಐಲ್‌ಗೆ ಕರ್ಕೊಂಡು ಹೋಗ್ಬೇಕು. ನೀನೇ ಓಡಿಸ್ಬೇಕು. ಹಾಗಿದ್ರೆ ಕೂರ್ತೀನಿ, ಇಲ್ದಿದ್ರೆ ಇಲ್ಲ."

ನಲವತ್ತು ವರ್ಷದ ಮುನಿಸು ಆ ಒಂದು ಮಾತಿಗೆ ಮುಗಿಯಿತು. ಅಪ್ಪ ತಲೆಯಾಡಿಸಿದ. ನಾನು ಸಾಕ್ಷಿ.

ಬೇಸಿಗೆ ರಜೆಯಲ್ಲಿ ಬಸ್ಸು ನಿಲ್ಲುತ್ತದೆ, ಹಾಗಾಗಿ ಸಹಾಯಕ್ಕೆ ನಾನೇ. ಎರಡು ಬೇಸಿಗೆ, ನಡುವಿನ ಎಲ್ಲ ಶನಿವಾರ. ಎಂಜಿನ್ ಇಳಿಸಿ ಬಿಚ್ಚಿ ತೊಳೆದು ಮತ್ತೆ ಕೂರಿಸಿದೆವು. ಬ್ರೇಕಿನ ಕೊಳವೆಗಳನ್ನೆಲ್ಲ ಬದಲಾಯಿಸಿದೆವು. ಕಾಣದ ಕಡೆ ಅಪ್ಪನ ಬೆರಳು ಹೋಗುತ್ತಿತ್ತು, ಅವನು ಹೇಳಿದ ಕಡೆ ನನ್ನ ಕಣ್ಣು ಹೋಗುತ್ತಿತ್ತು. ಬೈದಾಡಿಕೊಂಡೇ ಮಾಡಿದೆವು, ಆದರೆ ಕೆಲಸ ಮುಂದೆ ಸಾಗಿತು. ನಿಜ ಹೇಳಬೇಕೆಂದರೆ ಆ ದಿನಗಳು ಚೆನ್ನಾಗಿದ್ದವು.

ಕೆಟ್ಟದ್ದು ಒಳಗಿನ ನೆಲಹಾಸು ಎತ್ತಿದ ದಿನ. ಅಪ್ಪ ಕೂರುವ ಕಡೆ ತಗಡು ಗಟ್ಟಿಯಾಗಿತ್ತು. ಅಮ್ಮ ಕೂರುವ ಕಡೆ ತಗಡೇ ಇರಲಿಲ್ಲ. ತುಕ್ಕು ತಿಂದು ತಿಂದು ದೊಡ್ಡ ತೂತಾಗಿ ಗ್ಯಾರೇಜಿನ ಸಿಮೆಂಟು ನೆಲ ಕಾಣುತ್ತಿತ್ತು. ಅಪ್ಪ ಮಂಡಿಯೂರಿ ತೂತಿನ ಅಂಚನ್ನು ಬೆರಳಿನಿಂದ ಸುತ್ತಲೂ ಸವರಿದ. ತಗಡು ಬಿಸ್ಕತ್ತಿನ ಹಾಗೆ ಪುಡಿಯಾಗಿ ಉದುರಿತು.

"ಎರಡನೇ ಪಾಳಿ" ಎಂದ, ಆದರೆ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

ನಾನು ಬಲಗಡೆಯ ಬಾಗಿಲಿನ ಒಳಗಿನ ಹಲಗೆ ಬಿಚ್ಚಿದೆ. ಧೂಳು ಒರೆಸಿದೆ. ಮೇಲಿನ ಮೂಲೆಯಲ್ಲಿ ಹಳದಿ ಬಣ್ಣದಲ್ಲಿ ಎರಡು ಗೆರೆ, ಒಂದು ಬಾಲ.

ನಾನು ಸುಮ್ಮನಿರಬಹುದಿತ್ತು. ಅಪ್ಪನಿಗೆ ಅಷ್ಟು ಸಣ್ಣ ಗೀಚು ಕಾಣುವುದಿಲ್ಲ. ಒಂದು ಸಲ ಬಟ್ಟೆಯಿಂದ ಉಜ್ಜಿದ್ದರೆ ಮುಗಿದುಹೋಗುತ್ತಿತ್ತು, ಎಲ್ಲರ ಎರಡು ತಿಂಗಳು ಉಳಿಯುತ್ತಿತ್ತು. ಆದರೆ ನನಗೆ ಅಮ್ಮನ ಆ ನೀಲಿ ಉಡುಪು ನೆನಪಾಯಿತು, ಮಳೆಯಲ್ಲಿ ಬಸ್ಸಿಗೆ ಓಡಿದ್ದು ನೆನಪಾಯಿತು. ಕೋಪದಲ್ಲಿ ಹೇಳಿಬಿಟ್ಟೆ.

"ಅಪ್ಪಾ, ಮೀನು."

"ಏನು ಮೀನು?"

"ನಿನ್ನ ಮೀನು. ಇಲ್ಲಿದೆ. ಈ ಬಾಗಿಲು ಕೂರ್ಸಿದ್ದು ನೀನೇ."

ಅವನು ಹತ್ತಿರ ಬಂದು, ನೇರ ನೋಡಿದರೆ ಕಾಣದ್ದರಿಂದ ತಲೆ ಓರೆ ಮಾಡಿ, ಕಣ್ಣಂಚಿನಿಂದ ತುಂಬ ಹೊತ್ತು ನೋಡಿದ. ಅಷ್ಟರಲ್ಲಿ ಅಮ್ಮ ಮಧ್ಯಾಹ್ನದ ಊಟಕ್ಕೆ ಆಲೂಗಡ್ಡೆ ತುಂಬಿದ ಪಿಯೆರೋಗಿ ಕಡುಬು ತಂದಿದ್ದಳು. ಅವಳೂ ಬಗ್ಗಿ ನೋಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮೀನಿದ್ದ ಮೇಲೆ ನೀರಿರ್ಲೇಬೇಕಲ್ಲೋ ಬ್ರೋನೆಕ್. ನಾನು ಸುಮ್ನೆ ಹನ್ನೊಂದು ವರ್ಷ ಬಾಯಿ ನೋಯಿಸ್ಕೊಂಡೆ."

ಅಪ್ಪ ನಗಲಿಲ್ಲ, ಕಡುಬು ಮುಟ್ಟಲೂ ಇಲ್ಲ. ಅವತ್ತಿನಿಂದ ನಮ್ಮ ಕಷ್ಟ ಶುರುವಾಯಿತು.

ನೆಲಕ್ಕೆ ಹೊಸ ತಗಡು ಹಾಕಿ ಬೆಸುಗೆ ಮಾಡಿದ್ದು ಟಾಲಿವರ್. ಅವನು ಅಪ್ಪನ ಜೊತೆ ಅದೇ ಲೈನಿನಲ್ಲಿ ಎರಡು ಹೆಜ್ಜೆ ಮುಂದೆ ನಿಂತು ಕಿಟಕಿ ಗಾಜು ಕೂರಿಸುತ್ತಿದ್ದವನು. ಈಗ ಎಂಟನೇ ಮೈಲಿ ರಸ್ತೆಯಲ್ಲಿ ಟಿಂಕರಿಂಗ್ ಮತ್ತು ಪೇಂಟಿಂಗ್ ಅಂಗಡಿ ಇಟ್ಟಿದ್ದಾನೆ. ಜೂನ್ ಕೊನೆಯಲ್ಲಿ ಕಾರಿಗೆ ನೇರಳೆ ಬಣ್ಣ ಹೊಡೆದು ಕಳಿಸಿದ. ಜುಲೈ ಹತ್ತಕ್ಕೆ ಎಂಜಿನ್ ಚಾಲೂ ಆಯಿತು, ಪಕ್ಕದ ಮನೆಯ ನಾಯಿ ಮಂಚದಡಿ ಸೇರಿತು. ಎಡಗಡೆಯ ಬಾಗಿಲಿನ ಸುತ್ತ ಮಳೆ ನೀರು ತಡೆಯುವ ಹೊಸ ರಬ್ಬರ್ ಪಟ್ಟಿಯನ್ನು ನಾನೇ ಅರ್ಧ ಗಂಟೆಯಲ್ಲಿ ಅಂಟಿಸಿ ಮುಗಿಸಿದೆ. ಅಪ್ಪನಿಗೆ ಕೇಳುವ ಹಾಗೆ ಗಡಿಯಾರ ನೋಡಿ "ಅರ್ಧ ಗಂಟೆ" ಎಂದು ಘೋಷಿಸಿದೆ ಕೂಡ. ಆ ಬಾಗಿಲನ್ನು ಅಪ್ಪ ಮುಟ್ಟಲೇ ಇಲ್ಲ. "ಅದು ಗಸ್ ಕೂರ್ಸಿದ್ದು, ಅವನ ಕೆಲಸ ಶುದ್ಧ" ಎಂದುಬಿಟ್ಟ.

ಉಳಿದದ್ದು ಬಲಗಡೆಯ ಬಾಗಿಲು. ಜುಲೈ ಪೂರ್ತಿ ಬಲಗಡೆಯ ಬಾಗಿಲು.

ಐಸ್‌ಕ್ಯಾಂಡಿಯ ಕಡ್ಡಿಗಳನ್ನು ಉಜ್ಜಿ ತೆಳ್ಳಗೆ ಮಾಡಿ ಅಪ್ಪ ಅಳತೆ ಕಡ್ಡಿ ಮಾಡಿಕೊಂಡಿದ್ದ. ಬಾಗಿಲು ಮುಚ್ಚುವುದು, ಕಡ್ಡಿಯನ್ನು ಸಂದಿನಲ್ಲಿ ಮೇಲಿನಿಂದ ಕೆಳಗೆ ಎಳೆಯುವುದು, ಎಲ್ಲೋ ಒಂದು ಕಡೆ ತಡೆದರೆ ಬೋಲ್ಟು ಸಡಿಲಿಸಿ ಮತ್ತೆ ಮೊದಲಿನಿಂದ ಶುರು. ನಾನು ಬಾಗಿಲಿನ ತೂಕ ಹೊತ್ತು ನಿಲ್ಲಬೇಕು, ಅವನು ಬಿಗಿಯಬೇಕು. ದಿನಕ್ಕೆ ಎಂಟು ಸಲ, ಹತ್ತು ಸಲ. ನನ್ನ ಸೊಂಟ ಮುರಿಯಿತು.

"ಹಾಲಿನಾ, ಕೆಳಗಿನ ಮೂಲೆ ನೋಡು. ಸರಿ ಇದೆಯಾ?"

"ಇದೆ."

"ಸರಿಯಾಗಿ ನೋಡಿ ಹೇಳಮ್ಮ."

"ಸರಿಯಾಗೇ ನೋಡ್ದೆ ಅಪ್ಪ. ಒಂದು ಕೂದಲೆಳೆ ವ್ಯತ್ಯಾಸ ಇಲ್ಲ."

"ಬೇಗ ಮುಗೀಲಿ ಅಂತ ಹೇಳ್ತಿದೀಯ."

"ಹೌದು, ಬೇಗ ಮುಗೀಲಿ ಅಂತಾನೂ ಹೇಳ್ತಿದೀನಿ, ಸರಿ ಇದೆ ಅಂತಾನೂ ಹೇಳ್ತಿದೀನಿ. ಎರಡೂ ನಿಜ."

ಅಪ್ಪ ಮತ್ತೆ ಬೋಲ್ಟು ಸಡಿಲಿಸುತ್ತಿದ್ದ. ನನ್ನ ಕಣ್ಣನ್ನು ಅವನು ನಂಬುತ್ತಿರಲಿಲ್ಲ, ಅವನ ಕಣ್ಣು ಅವನಿಗೆ ದಕ್ಕುತ್ತಿರಲಿಲ್ಲ. ಒಂದು ದಿನ ಪಾನಾ ಬಿಸಾಕಿ ಮನೆಗೆ ಹೋಗಿಬಿಟ್ಟೆ. ಮರುದಿನ ಮತ್ತೆ ಬಂದೆ, ಬೇರೆ ಗತಿಯಿರಲಿಲ್ಲ.

ಆಗಸ್ಟ್ ಬಂತು. ಪರೀಕ್ಷೆಗೆ ಇನ್ನು ಆರು ವಾರ. ಒಂದು ಬೆಳಗ್ಗೆ ಬಿಸಿಲು ಚೆನ್ನಾಗಿತ್ತು. ಅಮ್ಮ ಕೈಚೀಲ ಹಿಡಿದು, ತುಟಿಗೆ ಬಣ್ಣ ಹಚ್ಚಿಕೊಂಡು ಗ್ಯಾರೇಜಿಗೆ ಬಂದಳು.

"ಬ್ರೋನೆಕ್, ಕಾರು ಓಡುತ್ತೆ. ಬ್ರೇಕು ಹಿಡಿಯುತ್ತೆ. ಮೋಡ ಇಲ್ಲ. ಹೊರಡೋಣ ನಡಿ."

"ಬಾಗಿಲು ಆಗಿಲ್ಲ ವಾಂಡಾ."

"ಮುಚ್ಚುತ್ತಲ್ಲ?"

"ಮುಚ್ಚೋದು ಬೇರೆ, ಕೂರೋದು ಬೇರೆ. ಮಳೆ ಬಂದ್ರೆ?"

"ಬಂದ್ರೆ ನೆನೀತೀನಿ. ಹನ್ನೊಂದು ವರ್ಷ ನೆಂದೋಳು ನಾನು, ಇನ್ನೊಂದು ದಿನ ನೆಂದ್ರೆ ಕರಗಿ ಹೋಗಲ್ಲ. ನನಗೆ ಬಾಗಿಲು ಬೇಡ ಕಣೋ, ನೀನು ಓಡಿಸ್ಬೇಕು."

"ಇನ್ನೊಂದು ವಾರ. ಈ ಸಲ ನಿನ್ನ ಮೇಲೆ ಒಂದು ಹನಿ ಬೀಳಬಾರ್ದು."

ಅಮ್ಮ ನನ್ನ ಕಡೆ ನೋಡಿದಳು. ಏನಾದರೂ ಹೇಳೇ ಎಂಬ ನೋಟ. ನಾನು ಹೇಳಿದೆ, ಬಹಳ ಹೇಳಿದೆ, ಕಿರುಚಿದೆ. ತಪ್ಪೊಪ್ಪಿಗೆಗೆ ಒಂದು ಮಾತು ಸಾಕು, ಅದಕ್ಕೆ ಬಾಗಿಲು ಯಾಕೆ ಬೇಕು ಎಂದೆ. ಅಪ್ಪ ಕಡ್ಡಿಯನ್ನು ಸಂದಿನಲ್ಲಿ ಎಳೆಯುತ್ತಲೇ ಇದ್ದ. ಅಮ್ಮ ಕೈಚೀಲ ಹಿಡಿದುಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ನಲ್ಲಿ ತುಂಬ ಹೊತ್ತು ಸುರಿಯುತ್ತಿತ್ತು. ಆ ಹೊತ್ತಿನಲ್ಲಿ ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮುಂದಿನ ವಾರ ಅಪ್ಪನೇ ಸೋತ ಹಾಗೆ ಕಂಡ. ಶನಿವಾರ ಸಂಜೆ ಕಡ್ಡಿ ಮೇಲಿನಿಂದ ಕೆಳಗೆ ಎಲ್ಲೂ ತಡೆಯದೆ ಜಾರಿತು. "ಆಯ್ತು ಅನ್ಸುತ್ತೆ. ಸೋಮವಾರ ಹೋಗೋಣ" ಎಂದ. ಅಮ್ಮ ಕೂದಲಿಗೆ ಸುರುಳಿ ಕಟ್ಟಿಕೊಂಡು ಮಲಗಿದಳು.

ಭಾನುವಾರ ಚರ್ಚಿನಲ್ಲಿ ಹೆಂಗಸರೆಲ್ಲ ಸೇರಿ ಸಹಾಯಾರ್ಥವಾಗಿ ಪಿಯೆರೋಗಿ ಮಾಡುವ ದಿನ. ನಾನೂ ಅಮ್ಮನೂ ನಾಲ್ಕು ಗಂಟೆ ಅಲ್ಲಿದ್ದೆವು. ಅಪ್ಪ ಒಬ್ಬನೇ ಮನೆಯಲ್ಲಿದ್ದ. ಅದೇ ತಪ್ಪಾಯಿತು.

ಹಿಂದಿರುಗಿದಾಗ ಅವನು ಗ್ಯಾರೇಜಿನಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದ. ಬಲಗಡೆಯ ಬಾಗಿಲು ಅರ್ಧ ತೆರೆದು ಜೋತುಬಿದ್ದಿತ್ತು. ಮುಂದಿನ ಅಂಚು ಮಡ್‌ಗಾರ್ಡಿಗೆ ಹೊಡೆದು ಅಂಗೈ ಅಗಲ ಬಣ್ಣ ಎದ್ದಿತ್ತು. ಕೀಲು ಹಿಡಿದಿರುವ ಕಂಬದ ತಗಡು ಮಡಚಿಕೊಂಡಿತ್ತು. ನೆಲದ ಮೇಲೆ ಒಂದು ಮರದ ತುಂಡು ಬಿದ್ದಿತ್ತು.

ನನಗೆ ಕೇಳಲೇಬೇಕಾಗಿರಲಿಲ್ಲ. ಆದರೂ ಕೇಳಿದೆ. "ಮೊಣಕಾಲು ಕೊಟ್ಯಾ?"

"ಕೆಳಗಿನ ಮೂಲೆ ಒಂಚೂರು ಹೊರಗಿತ್ತು."

"ಸರಿ ಇತ್ತು ಅಪ್ಪ."

"ಬೆರಳಿಗೆ ತಾಗ್ತಿತ್ತು. ಒಂದು ನಿಮಿಷದ ಕೆಲಸ ಅಂದ್ಕೊಂಡೆ."

ಒಂದೂವರೆ ತಿಂಗಳು ಕೂದಲೆಳೆ ಅಳೆದವನು ಕೊನೆಯ ದಿನ ಲೈನಿನಲ್ಲಿ ಮಾಡಿದ್ದನ್ನೇ ಮಾಡಿದ್ದ. ಐವತ್ತಮೂರು ವರ್ಷದ ಹಿಂದೆ ಈ ಬಾಗಿಲು ಸೋರುವ ಹಾಗೆ ಮಾಡಿದ್ದು ಇದೇ ಮರದ ತುಂಡು, ಇದೇ ಮೊಣಕಾಲು, ಇದೇ ಒಂದು ನಿಮಿಷ. ಆಗ ಹೊಸದಾಗಿದ್ದ ತಗಡು ಬಾಗಿತ್ತು. ಈಗ ಅದು ದಣಿದಿತ್ತು, ಮಡಚಿಕೊಂಡಿತು. ಕೈಯಲ್ಲಿದ್ದ ಪಿಯೆರೋಗಿಯ ತಟ್ಟೆಯನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಚರ್ಚಿನ ತಟ್ಟೆ ಎಂದು ಬಿಟ್ಟೆ.

ಅಮ್ಮ ಬಾಗಿಲನ್ನು ಮುಚ್ಚಲು ನೋಡಿದಳು. ಚಿಲಕ ಕಚ್ಚಲಿಲ್ಲ.

"ಹಗ್ಗ ಕಟ್ಟು" ಎಂದಳು. "ನಾಳೆ ಹಗ್ಗ ಕಟ್ಕೊಂಡೇ ಹೋಗೋಣ."

"ಹೆಂಡ್ತೀನ ಹಗ್ಗ ಕಟ್ಟಿದ ಬಾಗಿಲ ಪಕ್ಕ ಕೂರ್ಸಲ್ಲ ನಾನು."

"ಮತ್ತೆಲ್ಲಿ ಕೂರ್ಸ್ತೀಯ ಬ್ರೋನೆಕ್? ನನ್ನನ್ನ ಎಲ್ಲಿ ಕೂರ್ಸ್ತೀಯ ಹೇಳು. ನಾನು ನಿನ್ನ ಹತ್ರ ಒಂದೇ ಒಂದು ಕೇಳ್ದೆ."

ಅಪ್ಪ ಮರದ ತುಂಡನ್ನು ಎತ್ತಿಕೊಂಡು ತಿರುಗಿಸುತ್ತಿದ್ದ. "ನನಗೆ ಇದು ಬಿಟ್ಟು ಬೇರೇನೂ ಬರಲ್ಲ ವಾಂಡಾ" ಎಂದ. "ಇದೂ ಸರಿಯಾಗಿ ಬರ್ಲಿಲ್ಲ ನೋಡು."

ನಾನು ಟಾಲಿವರ್‌ಗೆ ಫೋನು ಮಾಡಿದೆ.

ಟಾಲಿವರ್ ಬಂದು ಕಂಬದ ಸುತ್ತ ಟಾರ್ಚು ಬಿಟ್ಟು ನೋಡಿದ. "ಮಾರಾಯ, ಮೂವತ್ತು ವರ್ಷ ನೀನು ಸೊಟ್ಟ ಕೂರ್ಸಿದ ಬಾಗಿಲಿಗೆ ನಾನು ಗಾಜು ಹಾಕಿದೀನಿ, ಒಂದ್ಸಲಾನೂ ಬಾಯಿ ಬಿಟ್ಟಿಲ್ಲ. ಇವತ್ತು ಬಿಡ್ತೀನಿ. ನಿನ್ನಂಥ ಹಟಮಾರಿ ಇನ್ನೊಬ್ಬ ಇಲ್ಲ" ಎಂದ. ಕಂಬ ನೆಟ್ಟಗೆ ಮಾಡಿ, ಆ ಕಡೆ ಪೂರ್ತಿ ಮತ್ತೆ ಬಣ್ಣ ಹೊಡೆಯಬೇಕು, ಮುಂದೆ ನಾಲ್ಕು ಗಾಡಿ ಕಾದಿವೆ, ಸೆಪ್ಟೆಂಬರ್ ಕೊನೆಗೆ ಕೊಡುತ್ತೇನೆ ಎಂದ. ಇನ್ನೂ ಬೇಗ ಮಾಡು ಎಂದು ನಾನು ಕಾಲು ಹಿಡಿಯುವುದೊಂದು ಬಾಕಿ. ಆಗಲಿಲ್ಲ.

ಸೆಪ್ಟೆಂಬರ್ ಹನ್ನೆರಡಕ್ಕೆ ಅಪ್ಪನನ್ನು ನಾನೇ ಲೈಸೆನ್ಸ್ ಕಚೇರಿಗೆ ಕರೆದುಕೊಂಡು ಹೋದೆ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಕೌಂಟರಿನ ಹುಡುಗಿ ಯಂತ್ರದೊಳಗೆ ನೋಡಿ ಐದನೇ ಸಾಲು ಓದಿ ಎಂದಳು. ಅಪ್ಪ ತಲೆ ಓರೆ ಮಾಡಿದ. ನೇರವಾಗಿ ನೋಡಿ ಸರ್ ಎಂದಳು. ನೇರವಾಗಿ ನೋಡಿ ಬಾಯಿಗೆ ಬಂದ ನಾಲ್ಕು ಅಂಕಿ ಹೇಳಿದ. ಅವಳು ಇನ್ನೊಂದು ಅವಕಾಶ ಕೊಟ್ಟಳು, ಒಳ್ಳೆಯ ಹುಡುಗಿ. ಮತ್ತೆ ನಾಲ್ಕು ಅಂಕಿ ಹೇಳಿದ. ಲೈಸೆನ್ಸಿನ ಬದಲು ಬರೀ ಗುರುತಿನ ಚೀಟಿ ಕೊಟ್ಟು ಜನ್ಮದಿನದ ಶುಭಾಶಯ ಹೇಳಿದಳು.

ಹೊರಗೆ ಬರುವಾಗ ಕಚೇರಿಯ ಬಾಗಿಲು ಚೌಕಟ್ಟಿಗೆ ಉಜ್ಜಿತು. ಅಪ್ಪ ನಿಂತು ಬೆರಳು ಸವರಿದ. "ಮೇಲಿನ ಕೀಲು ಇಳಿದಿದೆ" ಎಂದ. ನಾನು ಅವನ ತೋಳು ಹಿಡಿದು ಎಳೆದೆ. ಇನ್ನೊಂದು ಬಾಗಿಲಿನ ಮಾತು ಕೇಳುವ ತ್ರಾಣ ನನಗಿರಲಿಲ್ಲ.

ಮನೆಯಲ್ಲಿ ಅಮ್ಮ ಗಸಗಸೆ ಕೇಕು ಮಾಡಿದ್ದಳು. ಅಪ್ಪನಿಗೆ ದೊಡ್ಡ ತುಂಡು ಕೊಟ್ಟಳು.

ಹೇಳಿದಂತೆ ಸೆಪ್ಟೆಂಬರ್ ಕೊನೆಗೆ ಟಾಲಿವರ್ ಕಾರು ಕೊಟ್ಟ. ಬಾಗಿಲನ್ನು ಅಪ್ಪನೂ ಅವನೂ ಸೇರಿ ಒಂದೇ ದಿನದಲ್ಲಿ ಕೂರಿಸಿದರು. ಮರದ ತುಂಡನ್ನು ಟಾಲಿವರ್ ಮೊದಲೇ ಕಸದ ಬುಟ್ಟಿಗೆ ಹಾಕಿದ್ದ. ಬಾಗಿಲು ಮುಚ್ಚಿದರೆ ಗಟ್ಟಿ ಪುಸ್ತಕ ಮುಚ್ಚಿದಷ್ಟೇ ಸದ್ದು. ಅಪ್ಪ ಹತ್ತು ಸಲ ಮುಚ್ಚಿ ತೆರೆದ. ಪೈಪು ಹಿಡಿದು ಕಾಲು ಗಂಟೆ ನೀರು ಬಿಟ್ಟ, ಒಂದು ಹನಿ ಒಳಗೆ ಬರಲಿಲ್ಲ. ಎಡಗಡೆಯ ಬಾಗಿಲಿಗೆ ನೀರು ಬಿಡುವುದು ಬೇಡವಾ ಎಂದು ಟಾಲಿವರ್ ಕೇಳಿದಾಗ, ಅದು ಗಸ್‌ನ ಬಾಗಿಲು, ಹಾಲಿನಾಳ ರಬ್ಬರು, ಏನಾಗುತ್ತದೆ ಎಂದ ಅಪ್ಪ.

ಬೆಲ್ ಐಲ್‌ಗೆ ಹೋಗೋಣ, ನಾನು ಓಡಿಸುತ್ತೇನೆ ಎಂದು ಅಮ್ಮನಿಗೆ ಹೇಳಿದೆ.

"ನೀನು ಓಡಿಸ್ಬೇಕು ಅಂತ ನಾನು ಕೇಳಿರ್ಲಿಲ್ಲ."

"ಗೊತ್ತಮ್ಮ."

"ನಿನ್ನ ಬಸ್ಸಲ್ಲೂ ಕೂರ್ಬಹುದು ಹಾಗಿದ್ರೆ."

ಎರಡು ವಾರ ಹಾಗೇ ಹೋಯಿತು. ಅಕ್ಟೋಬರಿನ ಒಂದು ಭಾನುವಾರ ಚರ್ಚಿನಿಂದ ಬಂದವಳು ಕೋಟು ಬಿಚ್ಚಲಿಲ್ಲ, ನಡಿ ಎಂದಳು. ಅಪ್ಪ ಓಡಿಹೋಗಿ ಬಲಗಡೆಯ ಬಾಗಿಲು ತೆರೆದು ಹಿಡಿದ. ಅಮ್ಮ ಮುಂದಿನ ಸೀಟನ್ನು ಮಡಚಿ, ಎಪ್ಪತ್ತೇಳರ ಮೊಣಕಾಲು ಬೈದುಕೊಂಡು, ಹಿಂದಿನ ಸೀಟಿಗೆ ತೂರಿದಳು.

"ವಾಂಡಾ, ಮುಂದೆ ಕೂತ್ಕೋ. ನಿನಗೋಸ್ಕರ ತಾನೇ ಮಾಡಿದ್ದು."

"ನೀನು ಕೂತ್ಕೋ ಅಲ್ಲಿ. ಅದು ನನ್ನ ಜಾಗ. ಹೇಗಿರುತ್ತೆ ಅಂತ ನೋಡು ಒಂದ್ಸಲ."

ತನ್ನ ಕಾರಿನ ಬಲಗಡೆಯ ಸೀಟಿನಲ್ಲಿ ಅಪ್ಪ ಅವತ್ತೇ ಮೊದಲ ಸಲ ಕೂತದ್ದು. ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದೆ ತೊಡೆಯ ಮೇಲಿಟ್ಟುಕೊಂಡ. ನಾನು ಗೇರು ಹಾಕುವಾಗೆಲ್ಲ ಅವನ ಎಡಗಾಲು ಇಲ್ಲದ ಕ್ಲಚ್ ಒತ್ತುತ್ತಿತ್ತು. ಸೇತುವೆ ದಾಟಿ ದ್ವೀಪ ಸುತ್ತಿದೆವು, ಎಲೆಗಳೆಲ್ಲ ಹಳದಿಯಾಗಿದ್ದವು. ಎರಡು ಕಡೆ ಜನ ನಿಂತು ಕೈ ಬೀಸಿದರು, ಒಬ್ಬ ಯಾವ ಇಸವಿ ಎಂದು ಕೂಗಿದ. ಅಪ್ಪ ಕೇಳಿಸಿದ ಕಡೆಗೆ ಕೈ ಎತ್ತಿದ. ಹಿಂದೆ ಕೂತ ಅಮ್ಮ ಖುಷಿಯಾಗಿದ್ದಾಳಾ ಎಂದು ಕನ್ನಡಿಯಲ್ಲಿ ನೋಡಿದೆ. ಖುಷಿಯೇನೂ ಇರಲಿಲ್ಲ. ಮುಂದೆ ಕೂತ ಅಪ್ಪನ ಕುತ್ತಿಗೆಯನ್ನೇ ನೋಡುತ್ತಿದ್ದಳು.

ಹಿಂತಿರುಗುವಾಗ ಮಳೆ ಹಿಡಿಯಿತು. ಜೋರಾಗಿಯೇ ಬಂತು. ಅಪ್ಪ ಬಲಗೈ ಎತ್ತಿ ಬಾಗಿಲಿನ ಮೇಲಂಚಿನ ರಬ್ಬರನ್ನು ಈ ತುದಿಯಿಂದ ಆ ತುದಿಗೆ ಸವರಿದ. ಭುಜ ಮುಟ್ಟಿ ನೋಡಿಕೊಂಡ. ಮತ್ತೆ ಸವರಿದ.

"ಒಣಗಿದೆ ವಾಂಡಾ."

"ಹೂಂ."

"ಒಂದು ಹನಿ ಇಲ್ಲ."

"ಹೂಂ. ಚೆನ್ನಾಗಿದೆ ಬ್ರೋನೆಕ್" ಎಂದಳು. ಆ ದನಿಯಲ್ಲಿ ಕೊಂಕು ಇರಲಿಲ್ಲ, ಅದೇ ನನಗೆ ತಡೆದುಕೊಳ್ಳಲು ಕಷ್ಟವಾಯಿತು.

ಆಗಲೇ ನನ್ನ ಎಡ ಭುಜಕ್ಕೆ ಏನೋ ತಣ್ಣಗೆ ತಾಗಿತು. ಮತ್ತೊಂದು ಸಲ ತಾಗಿತು. ತಲೆ ಎತ್ತಿ ನೋಡಿದೆ. ನಾನು ಅರ್ಧ ಗಂಟೆಯಲ್ಲಿ ಅಂಟಿಸಿದ ರಬ್ಬರ್ ಪಟ್ಟಿ ಮೂಲೆಯಲ್ಲಿ ಬಿಟ್ಟುಕೊಂಡು ಕೆಳಗೆ ಜೋತಿತ್ತು. ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ತೋಳು, ಪಕ್ಕೆ ಒದ್ದೆಯಾಗುತ್ತಾ ಬಂತು.

ಕಣ್ಣು ಮಂಕಾದವರ ಕಿವಿ ಚುರುಕು. ಅಪ್ಪ ನನ್ನ ಕಡೆ ತಲೆ ತಿರುಗಿಸಿದ.

"ಹಾಲಿನಾ, ಆ ಕಡೆ ನೀರು ಬರ್ತಿದೆಯಾ?"

ಹೌದು ಎಂದರೆ ನಾಳೆ ಬೆಳಗ್ಗೆಯೇ ಕಡ್ಡಿ, ಬೋಲ್ಟು, ಬಾಗಿಲು ಎಲ್ಲ ಹೊರಗೆ ಬರುತ್ತವೆ ಎಂದು ನನಗೆ ಗೊತ್ತಿತ್ತು. ಆದರೆ ನಿಜವಾದ ಕಾರಣ ಅದಲ್ಲ. ನಿಜವೇನೆಂದರೆ, ಅರ್ಧ ಗಂಟೆ ಎಂದು ಘೋಷಿಸಿದವಳು ನಾನು, ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ.

"ಇಲ್ಲ ಅಪ್ಪ" ಎಂದೆ. "ಕಿಟಕಿ ಸ್ವಲ್ಪ ಸರಿಯಾಗಿ ಏರ್ಸಿಲ್ಲ ಅಷ್ಟೇ."

ಹಿಂದಿನ ಸೀಟಿನಲ್ಲಿ ಕೈಚೀಲದ ಗುಂಡಿ ಬಿಚ್ಚಿದ ಸದ್ದಾಯಿತು. ಅಮ್ಮ ಕೈ ಚಾಚಿ ಅದೇ ಹಳೆಯ ಹಸಿರು ಟವೆಲನ್ನು ನನ್ನ ಭುಜದ ಮೇಲೆ ಹಾಕಿದಳು.